ಹ್ಯೂ ಮೆಲ್ಡ್ರಮ್ ಕೂರದೆ ಬಿಟ್ಟ ಭಾನುವಾರಗಳು

ನನ್ನ ಗಂಡ ಹ್ಯೂ ಮೆಲ್ಡ್ರಮ್‌ನ ಸಮಾಧಿಯ ಕಲ್ಲಿನ ಮೇಲೆ, ಅವನು ದೊರೆಯ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದ, ಆಮೇಲೆ ಜರ್ಮನಿಯ ಎರಡು ಅರಮನೆಗಳಲ್ಲಿ ದೊರೆಯ ರಾಯಭಾರಿಯಾಗಿದ್ದ ಎಂದು ಕೆತ್ತಿದೆ. ಸೈನ್ಯಕ್ಕೆ ಯಾಕೆ ಸೇರಿದ ಎಂದು ಕೆತ್ತಿಲ್ಲ. ಕಲ್ಲಿನಲ್ಲಿ ಜಾಗವೇನೋ ಇತ್ತು, ಪಾದ್ರಿಗಳು ಒಪ್ಪಲಿಲ್ಲ.

ಅವನು ಸೈನ್ಯಕ್ಕೆ ಸೇರಿದ್ದು ನಮ್ಮ ಕಿನ್‌ಫೆರ್ಗ್ ಚರ್ಚಿನ ಒಂದು ಮಣೆಗೆ ಹೆದರಿ.

ಉಪದೇಶ ಪೀಠದ ಎದುರಿಗೆ ಮೂರು ಕಾಲಿನ ಎತ್ತರದ ಮಣೆಗಳು ಎರಡಿದ್ದವು. ಮದುವೆಗೆ ಮುಂಚೆ ಒಂದಾದ ಹುಡುಗ ಹುಡುಗಿ ಮೈಮೇಲೆ ಗೋಣಿಬಟ್ಟೆ ಹೊದ್ದು ಮೂರು ಭಾನುವಾರ ಅದರ ಮೇಲೆ ಕೂರಬೇಕು, ಊರೆಲ್ಲ ನೋಡಬೇಕು. ಆಮೇಲೆಯೇ ಮಗುವಿಗೆ ದೀಕ್ಷಾಸ್ನಾನ, ಆಮೇಲೆಯೇ ಮದುವೆ. ನನಗೆ ಹತ್ತೊಂಬತ್ತು. ಹ್ಯೂಗೆ ಇಪ್ಪತ್ತು, ಸಮುದ್ರದ ನೀರು ಕಾಯಿಸಿ ಉಪ್ಪು ತೆಗೆಯುವವರ ಮಗ. ಮೊದಲ ಭಾನುವಾರ ಇಬ್ಬರೂ ಕೂತೆವು. ಅವನ ಕಿವಿಗಳು ಬೆಂದ ಏಡಿಯ ಹಾಗೆ ಕೆಂಪಾಗಿದ್ದವು. ಕೊನೆಯ ಕೀರ್ತನೆಗೆ ಮುಂಚೆ, ಮೂಗಿನಲ್ಲಿ ರಕ್ತ ಬರುತ್ತಿದೆ ಎಂದು ಪಿಸುಗುಟ್ಟಿ ಎದ್ದು ಹೊರಗೆ ಹೋದ. ಬುಧವಾರ ಸುದ್ದಿ ಬಂತು, ಸೈನ್ಯಕ್ಕೆ ಹೆಸರು ಕೊಟ್ಟು ಹಡಗು ಹತ್ತಿದ್ದಾನೆ ಎಂದು.

ಉಳಿದ ಎರಡು ಭಾನುವಾರ ನಾನೊಬ್ಬಳೇ ಕೂತೆ. ದೀಕ್ಷಾಸ್ನಾನದ ದಿನ ಮಗುವನ್ನು ಎತ್ತಿ ಹಿಡಿದವನು ನನ್ನ ಅಪ್ಪ. ಹೆಣ್ಣು ಮಗು, ಹನ್ನೊಂದು ವಾರ ಬದುಕಿತು.

ಹ್ಯೂ ದೊಡ್ಡ ಧೀರ ಎಂದು ಹೆಸರು ಮಾಡಿದ. ಫ್ಲಾಂಡರ್ಸಿನಲ್ಲಿ ಫಿರಂಗಿಗಳ ಎದುರು ಕದಲದೆ ನಿಂತನಂತೆ. ನಾನು ನಂಬುತ್ತೇನೆ. ಫಿರಂಗಿಯ ಹಿಂದೆ ಇದ್ದವರಲ್ಲಿ ಅವನ ಪರಿಚಯದವರು ಯಾರೂ ಇರಲಿಲ್ಲ. ಕೊನೆಗೆ ಮೊಣಕಾಲಿಗೆ ಗುಂಡು ಬಿತ್ತು. ಅದೇ ಹೊತ್ತಿಗೆ ಅವನ ಕರ್ನಲ್ ಸಾಹೇಬರು ಬೇಟೆಯಲ್ಲಿ ಜಿಂಕೆ ಎಂದುಕೊಂಡು ಒಬ್ಬ ಜರ್ಮನ್ ದೊರೆಯ ಮುದ್ದಿನ ನಾಯಿಯನ್ನು ಹೊಡೆದುಬಿಟ್ಟರು. ಹೇಳಲು ಯಾರಿಗೂ ಧೈರ್ಯವಿಲ್ಲ. ಹ್ಯೂ ಕುಂಟುತ್ತ ಒಳಗೆ ಹೋದ. ಅರ್ಧ ಗಂಟೆಯಲ್ಲಿ ಆ ದೊರೆಯೇ ಹೊರಗೆ ಬಂದು, ತನ್ನ ನಾಯಿ ಅಡ್ಡ ನಿಂತದ್ದಕ್ಕೆ ಕರ್ನಲ್ ಬಳಿ ಕ್ಷಮೆ ಕೇಳಿದನಂತೆ. ಅವತ್ತಿನಿಂದ ಹ್ಯೂನ ಕತ್ತಿ ಗೋಡೆಗೆ ಹೋಯಿತು, ಕೈಗೆ ಲೇಖನಿ ಬಂತು.

ಮೂವತ್ತಮೂರು ವರ್ಷ ಕಳೆದ ಮೇಲೆ ನನ್ನ ಬಾಗಿಲಿಗೆ ಬಂದ. ಕಂಕುಳಲ್ಲಿ ವಿಗ್ಗಿನ ಪೆಟ್ಟಿಗೆ. ನಾನು ಮೀನು ಒಣಹಾಕುತ್ತಿದ್ದೆ.

"ಗ್ರಿಜೆಲ್, ನಾನು ಹ್ಯೂ."

"ಗೊತ್ತು. ಮೂಗಿನ ರಕ್ತ ನಿಲ್ತಾ?"

ನಗಲಿಲ್ಲ ಪಾಪ. ಮದುವೆಯಾಗಲು ಬಂದಿದ್ದೇನೆ ಎಂದ. ನನಗೂ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ಬೇರೆ ಯಾರನ್ನೂ ಕಟ್ಟಿಕೊಂಡಿರಲಿಲ್ಲ. ಪಾದ್ರಿಗಳ ಹತ್ತಿರ ಹೋಗಿ ಕೇಳು ಎಂದೆ.

ಪಾದ್ರಿಗಳು ಮಣೆಯ ಮೇಲೆ ಕೂತವರ ಲೆಕ್ಕವಿರುವ ಹಳೆಯ ಪುಸ್ತಕ ತೆಗೆಸಿದರು. ಆ ಪುಸ್ತಕ ಅಷ್ಟರಲ್ಲಿ ಮೂವರು ಪಾದ್ರಿಗಳನ್ನು ಮಣ್ಣಿಗೆ ಕಳಿಸಿತ್ತು. ಶಾಲೆಯ ಮೇಷ್ಟ್ರು ಪಿಟ್‌ಕೇರ್ನ್ ಓದಿದರು: "ಹ್ಯೂ ಮೆಲ್ಡ್ರಮ್. ಒಂದು ಭಾನುವಾರ ಕೂತಿದ್ದಾನೆ. ಎರಡು ಕೂತಿಲ್ಲ."

ಅಲ್ಲಿಂದ ಮಾತುಕತೆ ಶುರುವಾಯಿತು. ಮೂರು ವಾರ ನಡೆಯಿತು. ಹ್ಯೂ ಮೊದಲು ಮಣೆಯ ಬದಲು ಕುರ್ಚಿ ಕೇಳಿದ. ಆಮೇಲೆ ಮೊಣಕಾಲಿನ ಗಾಯ ಮುಂದಿಟ್ಟ. ಇಂಥದ್ದನ್ನೆಲ್ಲ ತೀರ್ಮಾನಿಸುವ ಚರ್ಚಿನ ಹಿರಿಯರ ಸಭೆಯಲ್ಲಿ ಪೀಪಾಯಿ ಮಾಡುವ ಸ್ವಾಂಕಿ ಎನ್ನುವವರಿದ್ದರು.

"ಅಲ್ಲ ಕ್ಯಾಪ್ಟನ್ನೇ, ಮೊಣಕಾಲ ಮೇಲೆ ಯಾರು ಕೂರ್ತಾರೆ? ಕೂರೋದಕ್ಕೆ ದೇವ್ರು ಬೇರೆ ಜಾಗ ಕೊಟ್ಟಿಲ್ವಾ?" ಎಂದರು.

ಹ್ಯೂ ದಾರಿ ಬದಲಿಸಿದ. ಪಾದ್ರಿಗಳ ಉಪದೇಶವನ್ನು ಹೊಗಳಿದ, ಸ್ವಾಂಕಿಯ ಪೀಪಾಯಿಗಳನ್ನು ಜರ್ಮನಿಯವುಗಳಿಗಿಂತ ಮೇಲು ಎಂದ. ಕೊನೆಗೆ ಒಂದು ಕಾಗದ ಹುಟ್ಟಿತು. ದೊರೆಗೆ ಸಲ್ಲಿಸಿದ ಸೇವೆಯನ್ನು ಗಮನಿಸಿ, ಸದರಿ ವಿಷಯ ಮುಗಿದಿದೆ ಎಂದು ಸಭೆ ಒಪ್ಪಿದೆ. ಮೂರು ಮೊಹರು. ಹಿರಿಯರೆಲ್ಲ ತಾವೇ ಗೆದ್ದೆವು ಎಂದುಕೊಂಡು ಮನೆಗೆ ಹೋದರು.

ಹ್ಯೂ ಆ ಕಾಗದವನ್ನು ನನ್ನ ಮುಂದೆ ಬಿಚ್ಚಿ ಓದಿದ.

"ಸದರಿ ವಿಷಯ ಅಂದ್ರೇನು?" ಎಂದೆ.

"ಅದೇ... ಆವತ್ತಿನದು."

"ಆ ವಿಷಯಕ್ಕೊಂದು ಹೆಸರಿತ್ತು ಹ್ಯೂ. ಏನು ಹೇಳು?"

ಎರಡು ಅರಮನೆಗಳ ಕುದುರೆಗಳ ಹೆಸರನ್ನೆಲ್ಲ ಬಾಯಿಪಾಠ ಹೇಳುತ್ತಿದ್ದವನು ಕಾಗದವನ್ನು ಮತ್ತೆ ಮೇಲಿಂದ ಕೆಳಗೆ ಹುಡುಕಿದ.

"ನಾನು ಬೇಕು ಅಂದ್ರೆ ಹೋಗಿ ಕೂತ್ಕೋ. ಮೂರು ಭಾನುವಾರ."

"ಮೂರಾ? ಪುಸ್ತಕದಲ್ಲಿ ಎರಡೇ ಅಲ್ವಾ ಇರೋದು?"

"ಮೊದಲನೇದರಲ್ಲಿ ನೀನು ಕೊನೇ ಕೀರ್ತನೆಗೆ ಮುಂಚೆನೇ ಎದ್ದೋಗಿದ್ದೆ. ಅದು ಕೂತ ಹಾಗಲ್ಲ."

"ನೋಡು ಗ್ರಿಜೆಲ್, ಎರಡೂ ಕಡೆಯವರಿಗೆ ಒಪ್ಪೋ ಹಾಗೆ—"

"ನನ್ನ ಮನೇಲಿ ಇರೋದು ಒಂದೇ ಕಡೆ."

ಬಾಗಿಲು ಹಾಕಿದೆ. ಒಮ್ಮೆ ಓಡಿದವನು, ಮತ್ತೆ ಓಡಬಹುದು. ಗುರುವಾರ ಎಡಿನ್‌ಬರೋಗೆ ಗಾಡಿ ಹೋಗುತ್ತಿತ್ತು. ಆ ಗುರುವಾರ ನಾನು ಮೀನಿನ ಬುಟ್ಟಿ ಹೊರಲಿಲ್ಲ, ಕಿಟಕಿಯ ಹತ್ತಿರವೇ ಕೂತಿದ್ದೆ. ಗಾಡಿ ನಿಂತ ಸದ್ದು, ಹೊರಟ ಸದ್ದು ಎರಡೂ ಕೇಳಿಸಿತು. ಯಾರು ಹತ್ತಿದರು ಎಂದು ಹೋಗಿ ನೋಡುವ ಧೈರ್ಯ ಬರಲಿಲ್ಲ.

ಅವನು ಹತ್ತಿರಲಿಲ್ಲ. ಚರ್ಚಿನಲ್ಲಿ ಹಿರಿಯರ ಜೊತೆ ಜಗಳಕ್ಕೆ ನಿಂತಿದ್ದ. ಈಗ ಅವರು ಅವನನ್ನು ಕೂರಿಸಲು ಒಪ್ಪುತ್ತಿರಲಿಲ್ಲ.

"ಮೂರು ಮೊಹರು ಒತ್ತಿದೀವಿ ಕಣಯ್ಯಾ! ಈಗ ಕೂರ್ತೀನಿ ಅಂದ್ರೆ ಸಭೆ ಮರ್ಯಾದೆ ಏನಾಗ್ಬೇಕು?" ಎಂದು ಸ್ವಾಂಕಿ ಕೂಗಾಡಿದರಂತೆ.

ಕೂರದೇ ಇರಲು ಮೂರು ವಾರ ಹಿಡಿದಿತ್ತು, ಕೂರಲು ಐದು ವಾರ ಹಿಡಿಯಿತು. ತನ್ನ ಜೀವನದಲ್ಲಿ ಅಷ್ಟು ಕಷ್ಟದ ಒಪ್ಪಂದ ಇನ್ನೊಂದಿಲ್ಲ ಎಂದು ಸಾಯುವ ತನಕ ಹೇಳುತ್ತಿದ್ದ.

ರಾಯಭಾರಿ ಗೋಣಿಬಟ್ಟೆ ಹೊದೆಯುತ್ತಾನೆ ಎಂದು ಸುತ್ತಲಿನ ಊರುಗಳ ಜನವೆಲ್ಲ ಬಂದರು. ತಮ್ಮ ಉಪದೇಶಕ್ಕೇ ಬಂದರೆಂದು ಪಾದ್ರಿಗಳು ಹಿಗ್ಗಿ ಎರಡು ಗಂಟೆ ಮಾತಾಡಿದರು. ಹ್ಯೂ ವಿಗ್ಗು ತೆಗೆದು ಕೂತಿದ್ದ. ಬೋಳು ತಲೆ, ಎರಡು ಪಕ್ಕದಲ್ಲೂ ಅವೇ ಕೆಂಪು ಕಿವಿಗಳು. ಇಷ್ಟು ದಿನ ವಿಗ್ಗಿನ ಕೆಳಗೆ ಅವನ್ನು ನಾನು ಕಂಡೇ ಇರಲಿಲ್ಲ.

ಮೂರನೆಯ ಭಾನುವಾರ ಪಾದ್ರಿಗಳು ಪದ್ಧತಿಯಂತೆ, ಯಾವ ತಪ್ಪಿಗೆ ಕೂತಿದ್ದೀಯ ಎಂದು ಕೇಳಿದರು. ಅದಕ್ಕೆ ಮೊದಲೇ ಗೊತ್ತುಮಾಡಿದ ಉತ್ತರವಿದೆ, ಎಲ್ಲರೂ ಅದನ್ನೇ ಒಪ್ಪಿಸುತ್ತಾರೆ. ಹ್ಯೂ ಬೇರೆ ಹೇಳಿದ.

"ಎಫಿ ಮೆಲ್ಡ್ರಮ್ ಅಂತ ನನ್ನ ಮಗಳು. ಅವಳ ದೀಕ್ಷಾಸ್ನಾನದ ದಿನ ಎತ್ಕೊಳ್ಳೋಕೆ ನಾನಿರಲಿಲ್ಲ."

ನಾನು ಹೇಳಿಕೊಟ್ಟಿರಲಿಲ್ಲ. ಪಿಟ್‌ಕೇರ್ನ್ ಮೇಷ್ಟ್ರ ಕೈಲಿ ದೀಕ್ಷಾಸ್ನಾನದ ಪುಸ್ತಕ ಹುಡುಕಿಸಿದ್ದ ಎಂದು ಆಮೇಲೆ ತಿಳಿಯಿತು.

ಕೊನೆಯ ಕೀರ್ತನೆ ಮುಗಿಯಿತು. ಜನ ಹೊರಗೆ ಹೋದರು. ಹ್ಯೂ ಕೂತೇ ಇದ್ದ. ನಾನು ಹತ್ತಿರ ಹೋದೆ.

"ಮುಗೀತು. ಏಳು."

"ಏಳೋಕಾಗ್ತಿಲ್ಲ ಗ್ರಿಜೆಲ್. ಮೊಣಕಾಲು ಹಿಡ್ಕೊಂಡಿದೆ."

ಸ್ವಾಂಕಿ ಒಂದು ಕಡೆ, ನಾನೊಂದು ಕಡೆ ಹಿಡಿದು ಎಬ್ಬಿಸಿದೆವು.

"ಮೊಣಕಾಲಿನ ವಿಷಯ ಇವ್ರು ಮೊದಲೇ ಹೇಳಿದ್ರು. ನಾವೇ ನಂಬಲಿಲ್ಲ," ಎಂದರು ಸ್ವಾಂಕಿ, ಬೋಳು ತಲೆಯ ಮೇಲೆ ವಿಗ್ಗು ಹಿಂದುಮುಂದಾಗಿ ಇಡುತ್ತ.

ಅದನ್ನು ಸರಿಮಾಡದೆ ಹಾಗೆಯೇ ಮನೆಗೆ ನಡೆಸಿಕೊಂಡು ಬಂದೆ.