ಅಮೆರಿಕದ ಬೂದಿ

ಪೀಣ್ಯದ ಹೆಂಗಸರು ಗಡಿಯಾರ ನೋಡದೆ, ಕಾರ್ಖಾನೆಯ ಸೈರನ್ ಕೇಳಿಯೇ ಒಲೆ ಹಚ್ಚುತ್ತಿದ್ದ ದಿನಗಳವು. ನಾವಿದ್ದ ವಠಾರ ಎಂದರೆ ಒಂದರ ಭುಜಕ್ಕೊಂದು ತಾಗಿ ನಿಂತ ಶೀಟಿನ ಮನೆಗಳ ಸಾಲು, ಮುಂದೊಂದು ಕಿರಿದಾದ ಓಣಿ, ಓಣಿಯ ತುದಿಯಲ್ಲಿ ನೀರಿನ ಡ್ರಮ್ಮುಗಳು. ಅದರಾಚೆ ಎರಕದ ಕಾರ್ಖಾನೆಯ ಎತ್ತರದ ಗೋಡೆ. ಆ ಗೋಡೆಯ ಒಳಗೆ ನನ್ನ ಅಪ್ಪ ಕರಗಿದ ಕಬ್ಬಿಣವನ್ನು ಮರಳಿನ ಅಚ್ಚುಗಳಿಗೆ ಸುರಿಯುವ ಕೆಲಸದಲ್ಲಿದ್ದರು. ಅಚ್ಚಿನ ಮರಳು ಅಂಟಿಕೊಳ್ಳಲೆಂದು ಅದಕ್ಕೆ ಕಬ್ಬಿನ ಕಾಕಂಬಿ ಬೆರೆಸುತ್ತಿದ್ದರು. ಬಿಸಿ ಕಬ್ಬಿಣ ತಾಗಿ ಅದು ಸುಟ್ಟಾಗ ಏಳುತ್ತಿದ್ದ ಸಿಹಿಯೂ ಕಮಟೂ ಆದ ವಾಸನೆ ನಮ್ಮ ಹಾಸಿಗೆ, ಪುಸ್ತಕ, ಅನ್ನ ಎಲ್ಲದರಲ್ಲಿಯೂ ಇತ್ತು. ಕುಷ್ಟಗಿಯ ಕಡೆಯಿಂದ ನಾವು ಬಂದಾಗ ನಾನು ತೀರ ಚಿಕ್ಕವಳಾಗಿದ್ದುದರಿಂದ, ಬೆಂಗಳೂರಿನ ವಾಸನೆಯೇ ಅದು ಎಂದು ಬಹಳ ಕಾಲ ತಿಳಿದಿದ್ದೆ.

ಎರಡು ಸಾವಿರದ ಹನ್ನೆರಡನೆಯ ಇಸವಿಯ ಚಳಿಗಾಲದಲ್ಲಿ ನಾನು ಏಳನೆಯ ತರಗತಿಯಲ್ಲಿದ್ದೆ. ಲೋಕ ಮುಗಿಯುತ್ತದೆಂಬ ಮಾತು ಆ ವರ್ಷವೆಲ್ಲ ಹರಿದಾಡಿದ್ದು ಓದುಗರಿಗೂ ನೆನಪಿರಬಹುದು. ಹೇಗೆ ಮುಗಿಯುತ್ತದೆ ಎಂಬುದರಲ್ಲಿ ಮಾತ್ರ ಒಮ್ಮತವಿರಲಿಲ್ಲ. ಒಬ್ಬರು ಪ್ರವಾಹ ಎಂದರೆ ಇನ್ನೊಬ್ಬರು ಗ್ರಹಗಳ ಡಿಕ್ಕಿ ಎನ್ನುತ್ತಿದ್ದರು. ನಮ್ಮ ಓಣಿಗೆ ಬಂದು ತಲುಪಿದ್ದು ಜ್ವಾಲಾಮುಖಿ.

ಅದು ಬಂದದ್ದು ಪಕ್ಕದ ಮನೆಯ ಸುಮಿತ್ರಕ್ಕನ ಟಿ.ವಿ.ಯ ಮೂಲಕ. ಸುಮಿತ್ರಕ್ಕ ತುಮಕೂರಿನ ಕಡೆಯವರು, ಗಾರ್ಮೆಂಟ್ಸಿನಲ್ಲಿ ಹೊಲಿಗೆಯ ಕೆಲಸ. ಅವರು ಸಂಜೆ ಮನೆಗೆ ಬಂದು, ಮೊರದ ತುಂಬ ಅವರೆಕಾಯಿ ಸುರಿದುಕೊಂಡು ಟಿ.ವಿ.ಯ ಮುಂದೆ ಕುಳಿತರೆ ವಠಾರದ ಹೆಂಗಸರೂ ಮಕ್ಕಳೂ ಸುತ್ತ ಸೇರಿ ಕಾಯಿ ಸುಲಿಯುತ್ತಿದ್ದೆವು. ಅವರೆಯ ಸೊಗಡಿನ ನಡುವೆ, ಪರದೆಯ ತುಂಬ ಕೆಂಪು ಅಕ್ಷರಗಳು ಉರಿಯುತ್ತಿದ್ದವು. ಅಮೆರಿಕದ ಒಂದು ದೊಡ್ಡ ಕಾಡಿನ ಕೆಳಗೆ ಒಂದು ಊರಿನಷ್ಟು ಅಗಲದ ಬೆಂಕಿಯ ಕೊಳವಿದೆಯೆಂದೂ, ಅದು ಒಡೆದರೆ ಬೂದಿಯು ಭೂಮಿಯನ್ನೆಲ್ಲ ಸುತ್ತಿ ಸೂರ್ಯನನ್ನು ಮುಚ್ಚುತ್ತದೆಯೆಂದೂ, ಉಸಿರಾಡಿದವರ ಎದೆಯೊಳಗೆ ಆ ಬೂದಿ ಕಲ್ಲಾಗುತ್ತದೆಯೆಂದೂ ಒಂದು ಗಂಭೀರವಾದ ಧ್ವನಿ ಹೇಳುತ್ತಿತ್ತು. ಜಾಹೀರಾತಿನ ನಂತರ ಅದನ್ನೇ ಮತ್ತೆ ಹೇಳುತ್ತಿತ್ತು.

ಮೊದಮೊದಲು ಎಲ್ಲರೂ ನಕ್ಕರು. ಆಮೇಲೆ ಬೇಕರಿಯಲ್ಲಿ ಮೇಣದಬತ್ತಿಗಳು ಮುಗಿದುಹೋದವು. ನಮ್ಮ ಶಾಲೆಯ ಟೀಚರ್ ಇದೆಲ್ಲ ಸುಳ್ಳು, ಹೆದರಬಾರದು ಎಂದು ತರಗತಿಯಲ್ಲಿ ವಿವರವಾಗಿ ಹೇಳಿದರು. ಅಂದು ಸಂಜೆ ಅವರೇ ಅಂಗಡಿಯಲ್ಲಿ ಗೋಧಿಹಿಟ್ಟಿನ ದೊಡ್ಡ ಚೀಲ ಕಟ್ಟಿಸುತ್ತಿದ್ದುದನ್ನು ನಾವು ಕಂಡೆವು. ಕಾರ್ಖಾನೆಯ ಸೂಪರ್‌ವೈಸರ್, ವೈಟ್‌ಫೀಲ್ಡಿನ ಕಂಪ್ಯೂಟರ್ ಕಂಪನಿಯಲ್ಲಿರುವ ತಮ್ಮ ಮೈದುನನಿಗೆ ಇಂಗ್ಲಿಷಿನಲ್ಲಿ ಇ-ಮೇಲ್ ಬಂದಿದೆಯೆಂದು ಹೇಳಿದರಂತೆ. ಟಿ.ವಿ.ಯನ್ನು ನಂಬದವರೂ ಇ-ಮೇಲನ್ನು ನಂಬಿದರು.

ಅವ್ವ ರೊಟ್ಟಿ ತಟ್ಟತೊಡಗಿದಳು. ನಮ್ಮ ಕಡೆಯ ಕಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ದೂರದ ಪ್ರಯಾಣಕ್ಕೂ ಕಷ್ಟದ ದಿನಕ್ಕೂ ಅದೇ ಬುತ್ತಿ. ಅವಳನ್ನು ನೋಡಿ ವಠಾರದಲ್ಲಿದ್ದ ನಮ್ಮ ಸೀಮೆಯ ಹೆಂಗಸರೆಲ್ಲ ತಟ್ಟಲು ಕುಳಿತರು. ಜೋಳದ ಹಿಟ್ಟು ಸುಡುವ ವಾಸನೆ ಮೊದಲ ಬಾರಿಗೆ ಕಾಕಂಬಿಯ ವಾಸನೆಯನ್ನು ಓಣಿಯಿಂದ ಹೊರಗೆ ತಳ್ಳಿತು. ಕೆಂಪು ಸೀರೆಯ ತುಂಡಿನಲ್ಲಿ ಕಟ್ಟಿದ ರೊಟ್ಟಿಯ ಗಂಟುಗಳು ಎಲ್ಲರ ಮನೆಯ ಅಟ್ಟ ಸೇರಿದವು.

ಮಕ್ಕಳಾದ ನಾವು ಒಂದು ಆಟ ಕಂಡುಕೊಂಡೆವು. ಬೂದಿ ಬಂದಾಗ ಉಸಿರು ಬಿಗಿಹಿಡಿದವರು ಮಾತ್ರ ಬದುಕುತ್ತಾರೆ ಎಂಬುದೇ ಅದರ ನಿಯಮ. ಕಾರ್ಖಾನೆಯವರು ಗೋಡೆಯ ಹೊರಗೆ ಸುರಿದಿದ್ದ ಕಪ್ಪು ಮರಳಿನ ಗುಡ್ಡೆಯ ಸುತ್ತ ನಿಂತು, ಮೂಗು ಮುಚ್ಚಿ, ಕೆನ್ನೆ ಉಬ್ಬಿಸಿ, ಒಬ್ಬರನ್ನೊಬ್ಬರು ನಗಿಸಿ ಸೋಲಿಸುತ್ತಿದ್ದೆವು. ಒಂದು ಭಾನುವಾರ ಅಪ್ಪನೂ ಬಂದು ನಿಂತರು. ಅವರು ಊರಿನಲ್ಲಿ ಕಬಡ್ಡಿ ಆಡಿದವರು. ನಾವೆಲ್ಲ ಸೋತು, ಏದುಸಿರು ಬಿಟ್ಟು, ನೀರು ಕುಡಿದು ಬಂದರೂ ಅಪ್ಪ ಕಣ್ಣಲ್ಲೇ ನಗುತ್ತ ನಿಂತಿದ್ದರು. ಸುಮಿತ್ರಕ್ಕ ಬಾಗಿಲಿನಿಂದ ಇಣುಕಿ, “ಸಾಕು ಬಿಡ್ರೀ ಅಣ್ಣ, ಪ್ರಳಯ ಬಂದ್ರೆ ನೀವೊಬ್ರೇ ಉಳ್ಕೊಂಡು ಏನ್ ಮಾಡ್ತೀರಾ, ಬಾಡಿಗೆ ವಸೂಲಿನಾ?” ಎಂದಾಗಲೇ ಅವರ ಉಸಿರು ನಗುವಾಗಿ ಹೊರಬಂದದ್ದು.

ಆದರೆ ವಠಾರದಲ್ಲಿ ಎಲ್ಲರಿಗಿಂತ ಹೆಚ್ಚು ಹೆದರಿದ್ದವರು ಅಪ್ಪನೇ ಎಂಬುದು ನನಗೆ ಆ ವಾರವೇ ತಿಳಿಯಿತು. ಒಮ್ಮೆ, ಮರಳಿನ ಅಚ್ಚು ಸರಿಯಾಗಿ ಒಣಗಿರದಿದ್ದಾಗ, ಅವರು ಸುರಿದ ಕಬ್ಬಿಣ ಸಿಡಿದು ಮಾಡಿನವರೆಗೆ ಹಾರಿತ್ತು. ಅಂದಿನಿಂದ ಅವರ ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಸುಕ್ಕುಗಟ್ಟಿದ ಗುರುತಿತ್ತು. ಊಟಕ್ಕೆ ಕುಳಿತಾಗ ಅವರು ಆ ಗುರುತನ್ನು ಸವರಿಕೊಳ್ಳುತ್ತ ಅವ್ವನಿಗೆ ಹೇಳಿದರು.

“ಒಂದ ಬಕೀಟು ಸಿಡದ್ರ ಏನಾಗತೈತಿ ನಾ ಕಣ್ಣಾರೆ ನೋಡೇನಿ. ಆ ಅಮೆರಿಕಾದ ಗುಡ್ಡದಾಗ ಒಂದ್ ಊರಷ್ಟು ಐತಂತ. ಇಲ್ಲಿ ಸಾಯೋದು ಬ್ಯಾಡ. ಊರಿಗೆ ಹೋಗೂಣು.”

ಅವ್ವ ಬಡಿಸುವುದನ್ನು ನಿಲ್ಲಿಸಿದಳು. “ಹೋದ್ರ ಈಕಿ ಸಾಲಿ?”

ಅಪ್ಪ ತಾಟಿನ ಮೇಲೆ ಬಾಗಿ ರೊಟ್ಟಿ ಮುರಿದರು.

ಊರಿಗೆ ಹೋಗುವುದೆಂದರೆ ಏನೆಂದು ನನಗೆ ಗೊತ್ತಿತ್ತು. ನಮ್ಮ ಊರಿನ ಶಾಲೆ ಏಳಕ್ಕೆ ಮುಗಿಯುತ್ತಿತ್ತು, ಹೈಸ್ಕೂಲು ಹಳ್ಳದ ಆಚೆಯ ಊರಿನಲ್ಲಿ. ಹುಡುಗಿಯರನ್ನು ಅಲ್ಲಿಗೆ ಕಳುಹಿಸುವ ರೂಢಿ ಇರಲಿಲ್ಲ. ನನಗಿಂತ ಸ್ವಲ್ಪವೇ ದೊಡ್ಡವಳಾದ ದೊಡ್ಡಪ್ಪನ ಮಗಳು ರೇಣುಕಾ ಇದೇ ವಠಾರದಿಂದ ಅಜ್ಜಿಯ ತಿಥಿಗೆಂದು ಹೋದವಳು ಮರಳಿ ಬಂದಿರಲಿಲ್ಲ. ಆಮೇಲೆ ಬಂದದ್ದು ಅವಳ ಮದುವೆಯ ಫೋಟೊ. ಹೇಳದೆ ಕೇಳದೆ ಊರಿಗೆ ಹೋದವರಿಗೆ ಕಾರ್ಖಾನೆಯಲ್ಲಿ ಮತ್ತೆ ಕೆಲಸ ಸಿಗುತ್ತಿರಲಿಲ್ಲ, ಬಿಟ್ಟ ಮನೆಗೆ ಮರುದಿನವೇ ಬೇರೆಯವರು ಬರುತ್ತಿದ್ದರು. ಆದ್ದರಿಂದ ನನಗೆ ಜ್ವಾಲಾಮುಖಿಯ ಭಯಕ್ಕಿಂತ ಬಸ್ಸಿನ ಭಯ ದೊಡ್ಡದಾಯಿತು. ಬೆಂಕಿಯ ಕೊಳ ಇನ್ನೂ ಕೆಲವು ವರ್ಷ, ನನ್ನ ಹತ್ತನೆಯ ತರಗತಿ ಮುಗಿಯುವವರೆಗಾದರೂ, ಸುಮ್ಮನಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

ಕೆಲವು ದಿನಗಳ ನಂತರ, ಒಂದು ಮುಂಜಾವಿನಲ್ಲಿ, ನೀರು ಹಿಡಿಯಲು ಎದ್ದ ಅವ್ವ ಹೊರಗೆ ಹೆಜ್ಜೆ ಇಟ್ಟವಳು ಅಲ್ಲಿಯೇ ನಿಂತುಬಿಟ್ಟಳು. ಓಣಿಯೆಲ್ಲ ಬೂದಿಯಾಗಿತ್ತು. ತುಳಸಿಯ ಡಬ್ಬ, ಡ್ರಮ್ಮುಗಳ ಮುಚ್ಚಳ, ಸೈಕಲ್ಲಿನ ಸೀಟು, ತಂತಿಯ ಮೇಲೆ ಒಣಹಾಕಿದ್ದ ನನ್ನ ಸಮವಸ್ತ್ರ, ಎಲ್ಲದರ ಮೇಲೆಯೂ ಜೋಳದ ಹಿಟ್ಟಿನಷ್ಟು ನುಣುಪಾದ ಬೂದಿ. ಕಾರ್ಖಾನೆಯ ಮರಳು ನಮಗೆ ಪರಿಚಿತವಾಗಿತ್ತು. ಅದು ಕಪ್ಪು, ಒರಟು, ಅಂಗಾಲಿಗೆ ಚುಚ್ಚುವಂಥದು. ಇದು ಬೇರೆಯೇ ಆಗಿತ್ತು. ಆಕಾಶದಿಂದ ಇನ್ನೂ ನಿಧಾನವಾಗಿ, ಸದ್ದಿಲ್ಲದೆ ಇಳಿಯುತ್ತಿತ್ತು.

ಯಾರೂ ಚೀರಲಿಲ್ಲ. ಹೆಂಗಸರು ಸೀರೆ ಹರಿದು, ತುಂಡುಗಳನ್ನು ಒದ್ದೆ ಮಾಡಿ ಮಕ್ಕಳ ಮೂಗಿಗೆ ಕಟ್ಟಿದರು. ಅಟ್ಟದ ಗಂಟುಗಳು ಕೆಳಗಿಳಿದವು. ಅವ್ವ ನನ್ನ ಮುಖಕ್ಕೆ ಕಟ್ಟಿದ ತುಂಡು ಅವಳ ಹಳೆಯ ಇಳಕಲ್ ಸೀರೆಯದು, ಅದರಲ್ಲಿ ಕರ್ಪೂರದ ವಾಸನೆಯಿತ್ತು. ಅಪ್ಪ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಮನೆಯ ಮಾಲೀಕರಿಗೆ ತಲುಪಿಸಲೆಂದು ಸುಮಿತ್ರಕ್ಕನಿಗೆ ಕೊಟ್ಟರು. ಅವರೂ ಗಂಟು ಕಟ್ಟುತ್ತಿದ್ದರು. ಆಗ ಮಾತ್ರ ಅವರು ತಮಾಷೆ ಮಾಡಲಿಲ್ಲ. ನಾನು ಪುಸ್ತಕದ ಚೀಲವನ್ನು ಬೆನ್ನಿಗೆ ಹಾಕಿಕೊಂಡೆ. ಅಪ್ಪ ಅದನ್ನು ನೋಡಿ, ರೊಟ್ಟಿಯ ಗಂಟನ್ನು ಎತ್ತಿಕೊಂಡು ಮುಂದೆ ನಡೆದರು.

ಜಾಲಹಳ್ಳಿ ಕ್ರಾಸಿನವರೆಗೆ ನಾವು ಮೂವರೂ ನಡೆದೇ ಹೋದೆವು. ಮೆಟ್ರೊ ಕಂಬಗಳ ಕೆಳಗೆ, ಊರ ಕಡೆಯ ಬಸ್ಸುಗಳು ನಿಲ್ಲುವ ಜಾಗದಲ್ಲಿ, ಮೂಗಿಗೆ ಬಟ್ಟೆ ಕಟ್ಟಿದ ನಮ್ಮನ್ನು ಜನ ತಿರುಗಿ ತಿರುಗಿ ನೋಡಿದರು. ನಾನು ರಸ್ತೆಯನ್ನು ನೋಡುತ್ತಿದ್ದೆ. ಪ್ರತಿ ಬಸ್ಸಿನ ಹಣೆಯ ಮೇಲಿನ ಹೆಸರನ್ನು ಓದಿ, ನಮ್ಮದಲ್ಲ ಎಂದು ತಿಳಿದಾಗಲೊಮ್ಮೆ ಉಸಿರು ಬಿಡುತ್ತಿದ್ದೆ. ಕೊನೆಗೆ ನಮ್ಮದು ಬಂದೇಬಿಟ್ಟಿತು. ಕಂಡಕ್ಟರ್ ಬಾಗಿಲಿನಿಂದ ಬಾಗಿ ಕುಷ್ಟಗಿ, ಇಳಕಲ್ ಎಂದು ಕೂಗಿದ.

ಅವ್ವ ಆಗ ಹೂವಿನವಳ ಬುಟ್ಟಿಯ ಮುಂದೆ ಕುಳಿತಿದ್ದಳು. ಲೋಕವೇ ಮುಗಿಯುತ್ತಿದ್ದರೂ ಮುಡಿಯಲ್ಲಿ ಹೂವಿಲ್ಲದೆ ಊರಿನ ಅಗಸಿ ಬಾಗಿಲು ದಾಟುವುದು ಅವಳಿಂದ ಆಗದ ಮಾತು. ಕಾಕಡದ ಮಾಲೆಯನ್ನು ಕೈಗೆ ತೆಗೆದುಕೊಂಡವಳು ಅದನ್ನೇ ನೋಡುತ್ತ ಕುಳಿತಳು. ಅಪ್ಪನ ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲಿತ್ತು.

“ಬಾ ಲಗೂನ,” ಎಂದರು.

“ಇಲ್ಲಿ ನೋಡ್ರಿ,” ಎಂದು ಅವ್ವ ಮಾಲೆಯನ್ನು ಎತ್ತಿ ಹಿಡಿದಳು. ಹೂವು ಹಾಲಿನಂತೆ ಬಿಳಿಯಾಗಿತ್ತು. ಅದನ್ನು ಹಿಡಿದ ಅವಳ ಕೈ ಬೂದುಬಣ್ಣವಾಗಿತ್ತು. “ಇಲ್ಲಿ ಬಿದ್ದೇ ಇಲ್ಲಲ್ಲ. ಅಮೆರಿಕಾದಿಂದ ಬಂದದ್ದು ನಮ್ಮ ಓಣಿಗಷ್ಟ ಬಂತೇನು?”

ನಾನು ಸುತ್ತ ನೋಡಿದೆ. ಎಳನೀರಿನ ಗಾಡಿ ಹಸಿರಾಗಿಯೇ ಇತ್ತು. ಹಾಲಿನ ಬೂತಿನ ಮಾಡು ಬಿಸಿಲಿಗೆ ಹೊಳೆಯುತ್ತಿತ್ತು. ಅಷ್ಟರಲ್ಲಿ ಸೈಕಲ್ಲಿನ ಮೇಲೆ ಮಂಜಣ್ಣ ಎದುರಾದರು. ಅಪ್ಪನ ಜೊತೆ ಕುಲುಮೆಯ ಬಳಿ ಕೆಲಸ ಮಾಡುವವರು, ನೆಲಗದರನಹಳ್ಳಿಯ ಮೂಲದವರು, ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟಿದ್ದರು. ನಮ್ಮ ಗಂಟುಗಳನ್ನೂ ಮುಖದ ಬಟ್ಟೆಗಳನ್ನೂ ನೋಡಿ ಸೈಕಲ್ ನಿಲ್ಲಿಸಿದರು. ಅಪ್ಪ ಬೂದಿಯ ವಿಷಯ ಹೇಳಿದಾಗ ಅವರಿಗೆ ನಗು ತಡೆಯಲಾಗಲಿಲ್ಲ.

“ಯಾವ ಅಮೆರಿಕಾ ಗುರು? ಅದು ನಮ್ ಫ್ಯಾಕ್ಟ್ರೀದೇ. ಧೂಳು ಹಿಡಿಯೋ ಚೀಲ ತುಂಬೋಗಿತ್ತು, ಬೆಳಗಿನ ಜಾವ ಶೆಡ್ಡಿನ ಮೇಲೆ ನಿಲ್ಸಿ ಕೊಡವ್ಸಿದ್ರು. ದಿನಾ ಒಳಗಡೆ ಕುಡೀತೀವಲ್ಲ, ಅದೇ ಕಣೋ. ನಮ್ದೇ ಧೂಳು.”

ಕಂಡಕ್ಟರ್ ಹತ್ತುತ್ತೀರೋ ಇಲ್ಲವೋ ಎಂದು ರೇಗಿದ. ಅಪ್ಪ ಅವ್ವನನ್ನು ನೋಡಿದರು, ಆಮೇಲೆ ನನ್ನ ಬೆನ್ನ ಮೇಲಿನ ಚೀಲವನ್ನು ನೋಡಿದರು. ಅವರ ಕಾಲು ಮೆಟ್ಟಿಲಿನಿಂದ ಕೆಳಗಿಳಿಯಿತು. ಬಸ್ಸು ನಮ್ಮನ್ನು ಬಿಟ್ಟು ಹೊರಟುಹೋಯಿತು. ಅಷ್ಟು ಸಂತೋಷವನ್ನು ನಾನು ಪದವಿಯ ಫಲಿತಾಂಶ ಬಂದ ದಿನವೂ ಅನುಭವಿಸಲಿಲ್ಲ.

ನಾವು ಅಲ್ಲಿಯೇ ಮೂಗಿನ ಬಟ್ಟೆಗಳನ್ನು ಬಿಚ್ಚಿದೆವು. ಮಂಜಣ್ಣ ಚಹಾ ಕುಡಿಸಿದರು. ಹಿಂತಿರುಗುವಾಗ ಅಪ್ಪ ರೊಟ್ಟಿಯ ಗಂಟನ್ನು ತಲೆಯ ಮೇಲಿಟ್ಟುಕೊಂಡು, ಕಬಡ್ಡಿ ಕಬಡ್ಡಿ ಎನ್ನುತ್ತ ಒಂದೇ ಉಸಿರಿನಲ್ಲಿ ಎರಡು ಕಂಬಗಳ ದೂರ ಓಡಿ ನನ್ನನ್ನು ನಗಿಸಿದರು. ನಮಗಿಂತ ಮೊದಲೇ ಸುದ್ದಿ ವಠಾರಕ್ಕೆ ಮುಟ್ಟಿತ್ತು. ಸುಮಿತ್ರಕ್ಕ ಗಂಟು ಬಿಚ್ಚಿಟ್ಟು ಓಣಿ ಗುಡಿಸುತ್ತಿದ್ದರು. ಬೀಗದ ಕೈಯನ್ನು ಚಾಚಿ, “ಅಮೆರಿಕಾಕ್ಕೆ ಹೋಗ್ಬಂದ್ರಾ? ಏನ್ ತಂದ್ರಿ ನಮಗೆ?” ಎಂದರು. ಅವ್ವ ನನ್ನ ಮುಖದ ಆ ಇಳಕಲ್ ತುಂಡಿನಿಂದಲೇ ಡ್ರಮ್ಮುಗಳ ಮುಚ್ಚಳ ಒರೆಸಿದಳು. ನಾನು ಸಮವಸ್ತ್ರವನ್ನು ಕೊಡವಿ ಹಾಕಿಕೊಂಡು, ತಡವಾಗಿಯಾದರೂ ಅಂದೇ ಶಾಲೆಗೆ ಹೋದೆ. ಸಂಜೆಯ ಪಾಳಿಗೆ ಅಪ್ಪ ಎಂದಿನಂತೆ ಗೋಡೆಯೊಳಗೆ ನಡೆದರು. ಸಂಕ್ರಾಂತಿಯವರೆಗೂ ನಾವು ಪ್ರಳಯದ ರೊಟ್ಟಿಯನ್ನೇ ನಮ್ಮ ಕಡೆಯ ಚಟ್ನಿಪುಡಿಯಾದ ಶೇಂಗಾ ಹಿಂಡಿಯ ಜೊತೆ ತಿಂದೆವು.

ಆ ಬೂದಿ ಮತ್ತೆ ಎಷ್ಟೋ ಬಾರಿ ಬಿತ್ತು. ಯಾರೂ ಬಟ್ಟೆ ಕಟ್ಟಲಿಲ್ಲ. ನಮ್ಮದೇ ಧೂಳು ಎಂದು ಗೊತ್ತಾದ ಮೇಲೆ ಅದರಲ್ಲಿ ಹೆದರುವಂಥದೇನೂ ಉಳಿದಿರಲಿಲ್ಲ.

ನಾನು ಓದಿದೆ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಕಾಲೇಜಿನ ಗ್ರಂಥಾಲಯದಲ್ಲಿ ಒಮ್ಮೆ ಆ ಬೆಂಕಿಯ ಕೊಳದ ಬಗ್ಗೆ ಹುಡುಕಿ ಓದಿದೆ. ಅದು ನಿಜವಾಗಿಯೂ ಇದೆ. ನಮ್ಮ ಕಾಲದಲ್ಲಿ ಅದು ಒಡೆಯುವ ಸಂಭವ ತೀರ ಕಡಿಮೆ ಎಂದು ತಿಳಿದವರು ಬರೆದಿದ್ದಾರೆ. ಕಾರ್ಖಾನೆಯ ಮರಳಿನ ಧೂಳಿನ ಬಗ್ಗೆ ಓದಬೇಕೆಂದು ನನಗೆ ಆಗ ಹೊಳೆಯಲಿಲ್ಲ. ಅದನ್ನು ಓದಿದ್ದು ಅಪ್ಪನ ಎದೆಯ ಎಕ್ಸ್‌ರೇ ನೋಡಿದ ವೈದ್ಯರು ಎಷ್ಟು ವರ್ಷ ಎರಕದ ಕೆಲಸ ಮಾಡಿದರೆಂದು ಕೇಳಿದ ಮೇಲೆ. ಆ ಗಂಭೀರ ಧ್ವನಿ ಟಿ.ವಿ.ಯಲ್ಲಿ ಹೇಳಿದ್ದು ಸುಳ್ಳಾಗಿರಲಿಲ್ಲ, ಎದೆಯೊಳಗೆ ಬೂದಿ ಕಲ್ಲಾಗುತ್ತದೆ. ಅದು ಬರುವ ದಿಕ್ಕನ್ನು ಮಾತ್ರ ನಾವೆಲ್ಲ ಸೇರಿ ತಪ್ಪಾಗಿ ತಿಳಿದಿದ್ದೆವು.

ಆ ಬಸ್ಸಿಗೆ ನಾನು ಅಂದು ಎಷ್ಟು ಸಲ ಹೆದರಿದ್ದೆನೋ, ಈಗ ಅಷ್ಟೇ ಸಲ ಅದನ್ನು ನೆನೆಯುತ್ತೇನೆ. ಅದನ್ನು ಹತ್ತಿದ್ದರೆ ಈ ಬರಹವನ್ನು ಬರೆಯಲು ನನಗೆ ಬರುತ್ತಿರಲಿಲ್ಲ. ಅಪ್ಪ ಬಹುಶಃ ಊರ ಹುಡುಗರೊಂದಿಗೆ ಇನ್ನೂ ಕಬಡ್ಡಿಯ ಅಂಕಣದಲ್ಲಿ ನಿಲ್ಲುತ್ತಿದ್ದರು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗಲು ನನಗೆ ಇಂದಿಗೂ ಧೈರ್ಯವಿಲ್ಲ.

ವಠಾರವಿದ್ದ ಜಾಗದಲ್ಲಿ ಈಗ ಪಿ.ಜಿ. ಕಟ್ಟಡವಿದೆ. ನಾವು ಒಂದು ಬಾಡಿಗೆ ಮನೆಯ ನೆಲಮಹಡಿಯಲ್ಲಿದ್ದೇವೆ, ಮೆಟ್ಟಿಲು ಹತ್ತುವುದು ಅಪ್ಪನಿಂದ ಆಗದು. ಮೊನ್ನೆ ನಾನು ಕೆಲಸಕ್ಕೆ ಹೊರಡುವಾಗ ಅವರು ಬಾಗಿಲ ಬಳಿ ಕುರ್ಚಿಯಲ್ಲಿ ಕುಳಿತಿದ್ದರು. ನನ್ನನ್ನು ನೋಡಿ ಅವರ ಕಣ್ಣಲ್ಲಿ ಆ ಹಳೆಯ ತುಂಟತನ ಮೂಡಿತು.

“ಇನ್ನೂ ಸಿಡದಿಲ್ಲೇನ...” ಎಂದು ನಿಲ್ಲಿಸಿ, ಕುರ್ಚಿಯ ಕೈ ಹಿಡಿದು ಉಸಿರೆಳೆದುಕೊಂಡರು. “...ಆ ಅಮೆರಿಕಾದ...” ಎಂದು ಮತ್ತೆ ನಿಂತರು.

ಗುಡ್ಡ ಎಂಬ ಕೊನೆಯ ಮಾತಿಗಾಗಿ ನಾನು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಕಾಯುತ್ತ ನಿಂತೆ.