ಪಾಷಾ ಸಾಬರ ಹಂಡೆಯೂ ಬಿಗಿದ ದಾರವೂ

ತುಮಕೂರಿನ ಅಕ್ರಂ ಪಾಷಾ ನಲವತ್ತು ವರ್ಷಗಳಿಂದ ತಾಮ್ರದ ಪಾತ್ರೆಗಳ ನೆಗ್ಗು ತೆಗೆಯುತ್ತ ಬಂದವರು. ಊರ್ಡಿಗೆರೆಯಿಂದ ಹಾಗಲವಾಡಿಯವರೆಗೆ ಅವರ ಕೈಯ ಪೆಟ್ಟು ತಿನ್ನದ ದೊಡ್ಡ ಹಂಡೆಯೇ ಇಲ್ಲವೆಂಬ ಮಾತಿತ್ತು. ಹೋದ ವರ್ಷ ಅವರ ಕಣ್ಣು ಮಂಜಾಯಿತು. ಗಿರಾಕಿಗಳು ಒಬ್ಬೊಬ್ಬರಾಗಿ ದೂರವಾದರು.

ಉಳಿದವರು ಗುಬ್ಬಿ ಕಡೆಯ ಮಠವೊಂದರ ದಾಸೋಹ ನೋಡಿಕೊಳ್ಳುವ ರೇವಣಸಿದ್ದಯ್ಯ ಒಬ್ಬರೇ. ಒಂದು ಬೆಳಿಗ್ಗೆ ಅವರು ಟ್ರ್ಯಾಕ್ಟರಿನಿಂದ ಉರುಳಿ ನೆಗ್ಗಿದ್ದ ಹಂಡೆಯನ್ನು ತಂದಿಳಿಸಿದರು.

“ಸಾಬ್ರೇ, ಹಳೇ ವಿಶ್ವಾಸಕ್ಕೆ ಬಂದಿದೀನಿ. ಕಣ್ಣು ಕಾಣ್ದಿದ್ರೆ ಈಗ್ಲೇ ಹೇಳ್ಬುಡಿ, ಕುಣಿಗಲ್‌ಗೆ ಒಯ್ತೀನಿ. ಇದೊಂದು ಕೆಟ್ರೆ ಮಠದಿಂದ ಒಂದು ಸೌಟೂ ನಿಮ್ಮತ್ರ ಬರಲ್ಲ.”

“ಹಂಡೆ ಬಡಿಯೋದು ಕೈಯಿ ಅಯ್ಯನೋರೇ, ಕಣ್ಣಲ್ಲ. ಕೂತ್ಕೊಳಿ, ಟೀ ಕುಡೀರಿ.”

ಪಾಷಾ ಹೀಗೆಂದು ನಕ್ಕರೂ, ಮಠ ಕೈತಪ್ಪಿದರೆ ಅಂಗಡಿ ಮುಚ್ಚಬೇಕೆಂಬ ಅಳುಕು ಇದ್ದೇ ಇತ್ತು. ಒಳಗಿನಿಂದ ಮರದ ಕೊಡತಿಯಲ್ಲಿ ಬಡಿದು ಬಡಿದು, ಮಧ್ಯಾಹ್ನದ ಹೊತ್ತಿಗೆ ಹಂಡೆಯ ಹೊಟ್ಟೆಯನ್ನು ಉಬ್ಬಿಸಿ ನಿಲ್ಲಿಸಿದರು.

“ಆಯ್ತಲ್ಲ, ಎತ್ಸಿ ಮತ್ತೆ,” ಎಂದರು ರೇವಣಸಿದ್ದಯ್ಯ.

“ತಡೀರಿ.” ಪಾಷಾ ಮೇಣ ಸವರಿದ ದಾರವೊಂದನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಎಳೆದು ಹಂಡೆಯ ಹೊಟ್ಟೆಗೆ ಒತ್ತಿ ಹಿಡಿದರು. ಊಟದ ಡಬ್ಬಿ ತಂದಿದ್ದ ಮಗಳು ಇರಮ್, ತಂದೆ ಹೇಳಿದಂತೆ ಅದನ್ನು ಮೀಟುತ್ತ ಹೋದಳು. ದಾರ ತಾಮ್ರಕ್ಕೆ ಅಂಟಿ ಮಲಗಿದಲ್ಲೆಲ್ಲ ಸದ್ದಿಲ್ಲ. ಎಡ ಮಗ್ಗುಲಿನಲ್ಲಿ ಮಾತ್ರ ಝುಂಯ್ ಎಂದಿತು.

“ಇಲ್ಲಿ ತಗ್ಗು ಉಳ್ಸಿದೀನಿ,” ಎಂದರು ಪಾಷಾ. ತಮ್ಮ ತಪ್ಪನ್ನು ಗಿರಾಕಿಯ ಎದುರೇ ಒಪ್ಪಿಕೊಳ್ಳಲು ಅವರಿಗೆ ಒಂದಿಷ್ಟೂ ಸಂಕೋಚವಿರಲಿಲ್ಲ.

“ನನ್ ಕಣ್ಣಿಗೇ ಕಾಣ್ದಿದ್ದು ನಿಮ್ಗೆ ಕಂಡ್ಬುಡ್ತಾ?”

ಎಂ.ಎಸ್ಸಿ. ಗಣಿತ ಓದುತ್ತಿದ್ದ ಇರಮ್ ನಕ್ಕಳು. “ಅಯ್ಯನೋರೇ, ಇದು ನಮ್ ಜ್ಯಾಮಿಟ್ರಿ ಪಾಠ. ಪೀನ ಅಂತಾರೆ, ಎಲ್ಲಾ ಕಡೆ ಉಬ್ಬಿರೋ ಮೈಯಿ. ಅದ್ರ ಮೇಲೆ ಬಿಗಿದ ದಾರ ಮೈ ಬಿಟ್ಟು ಏಳಲ್ಲ. ತಗ್ಗಿದ್ರೆ ಹತ್ತಿರದ ದಾರಿ ಅಂತ ಗಾಳೀಲೇ ಅಡ್ಡ ಹೋಗುತ್ತೆ, ಅದಕ್ಕೇ ಸದ್ದು. ನಮ್ ಮೇಡಂ ಇದನ್ನ ಹೇಳಕ್ಕೆ ಬೋರ್ಡ್ ತುಂಬಾ ಬರೀತಾರೆ!”

“ಇರ್ಲಿ ಬುಡವ್ವ. ಒಂಚೂರು ತಗ್ಗಿದ್ರೆ ಏನಾಯ್ತದೆ?”

“ಉಬ್ಬಿರೋ ತಾಮ್ರ ಬಿಗಿಯಾಗಿ ನಿಲ್ಲುತ್ತೆ,” ಎಂದರು ಪಾಷಾ. “ತಗ್ಗಿರೋ ಜಾಗ ಒಳಕ್ಕೆ ಹೊರಕ್ಕೆ ಆಡಿ ಆಡಿ ಒಂದಿನ ಸೀಳುತ್ತೆ. ಅವತ್ತು ನಿಮ್ ಸಾರೆಲ್ಲ ಒಲೆಗೇ.”

ಮತ್ತೆ ಅರ್ಧ ಗಂಟೆ ಬಡಿದು, ದಾರವನ್ನು ರೇವಣಸಿದ್ದಯ್ಯನವರ ಕೈಗೇ ಕೊಟ್ಟರು. ಅವರು ಹತ್ತು ಕಡೆ ಬಿಗಿದು ಹಿಡಿದು ಇರಮ್‌ಳಿಂದ ಮೀಟಿಸಿದರು. ಎಲ್ಲಿಯೂ ಸದ್ದಿಲ್ಲ. ದಾರ ಕೆಳಗಿಟ್ಟು ಮಠಕ್ಕೆ ಫೋನ್ ಹಚ್ಚಿದರು.

“ಲೇ ಗುಂಡಯ್ಯ, ನೆಗ್ಗಿರೋ ಕೊಳಗ ಅಷ್ಟೂ ತೊಳ್ಸಿಡೋ. ನಾಳೀಕೆ ಸಾಬ್ರ ಅಂಗ್ಡಿಗೆ ತರ್ಬೇಕು.”