ಲಾಭ ಪಂಚಮಿಯಂದು ಸಹಿ ಹಾಕದ ರಂಭಾಬೆನ್

ಸೂರತ್ತಿನ ವರಾಛಾದಲ್ಲಿ ರಂಭಾಬೆನ್ ಜಗಳವಾಡಿದ್ದನ್ನು ಕಂಡವರಿಲ್ಲ. ಗಂಡ ತೀರಿಕೊಂಡ ಮೇಲೆ ಹದಿನೆಂಟು ವರ್ಷ ಹನ್ನೆರಡು ಮಗ್ಗಗಳ ಸದ್ದಿನಲ್ಲೇ ಬದುಕಿದವಳು. ಎದುರಿನವರು ಏನೆಂದರೂ ಕೇಳಿಸದೆ ತಲೆಯಾಡಿಸುವುದು ರೂಢಿಯಾಗಿತ್ತು. ಮೊಣಕಾಲು ಸೋತಾಗ ಮಗ್ಗಗಳನ್ನು ಮಾರಿ, ಬಂದದ್ದನ್ನೆಲ್ಲ ಹೊಸದಾಗಿ ಏಳುತ್ತಿದ್ದ ಬಟ್ಟೆ ಮಾರುಕಟ್ಟೆಯ ಒಂದು ಅಂಗಡಿಗೆ ಸುರಿದಳು. ಸೀರೆ ವ್ಯಾಪಾರಿಗೆ ಬಾಡಿಗೆಗೆ ಕೊಟ್ಟರೆ ಕೊನೆತನಕ ಕೂತು ಉಣ್ಣಬಹುದು ಎಂದಿದ್ದ ತಂಗಿಯ ಮಗ ಕೌಶಿಕ್. ದಲ್ಲಾಳಿಯೂ ಅವನೇ.

"ಇನ್ನೂರ ನಲವತ್ತು ಚದರಡಿ, ಮಾಸಿ. ಮಗ್ಗ ಸವೆಯುತ್ತೆ, ಅಂಗಡಿ ಸವೆಯಲ್ಲ."

ನಾಲ್ಕು ವರ್ಷಕ್ಕೆ ಕಟ್ಟಡ ಎದ್ದಿತು. ಬೀಗದ ಕೈ ಕೊಡಲು ಕಟ್ಟಡದ ಮಾಲೀಕ ಭೂಪತ್‌ಭಾಯಿ ಲಾಭ ಪಂಚಮಿಯನ್ನೇ ಆರಿಸಿದ. ದೀಪಾವಳಿ ಕಳೆದು ಅಂಗಡಿಗಳು ಮತ್ತೆ ತೆರೆಯುವ ದಿನ. ಅಂದು ಬಾಯಲ್ಲಿ 'ಇಲ್ಲ' ಬಂದರೆ ವರ್ಷದ ಲಾಭವೆಲ್ಲ ಅದರ ಹಿಂದೆಯೇ ಹೋಗುತ್ತದೆ ಎಂಬ ನಂಬಿಕೆ. ಹಾಗಾಗಿ ಅಂಗಡಿ ಕೊಂಡವರೆಲ್ಲ ಮೊದಲು ಜಾಗ ಒಪ್ಪಿದೆವೆಂಬ ಕಾಗದಕ್ಕೆ ಸಹಿ ಹಾಕುತ್ತಿದ್ದರು, ಕೀಲಿಕೈ ಕಣ್ಣಿಗೊತ್ತಿಕೊಳ್ಳುತ್ತಿದ್ದರು, ಪೇಡೆ ತಿಂದು ಆಮೇಲೆ ಅಂಗಡಿ ನೋಡಲು ಹೋಗುತ್ತಿದ್ದರು.

ಸಾಲು ಉದ್ದವಿತ್ತು. ತನ್ನ ಸರದಿ ಬರುವುದರೊಳಗೆ ಹೊಸ್ತಿಲಿಗೆ ಕುಂಕುಮ ಇಟ್ಟುಬರೋಣವೆಂದು ರಂಭಾಬೆನ್ ಮೇಲೆ ಹತ್ತಿದಳು. ಬಾಗಿಲು ತೆರೆದೇ ಇತ್ತು. ಪೂಜೆಗೆಂದು ತಂದ ಹೊಸ ಸೀರೆಯ ಮಡಿಕೆ ಬಿಚ್ಚಿ ಹಾಸಿದಳು. ಹನ್ನೆರಡು ಮೊಳದ ಸೀರೆ ಏಳು ಮೊಳಕ್ಕೇ ಗೋಡೆಗೆ ಮುಟ್ಟಿತು. ಅಡ್ಡಕ್ಕೆ ಹಾಸಿದಳು. ಅದೂ ಅಷ್ಟೇ. ಗಿರಾಕಿಯ ಮುಂದೆ ಒಂದು ಸೀರೆ ಪೂರಾ ಬಿಡಿಸಲಾಗದ ಗೂಡನ್ನು ಯಾವ ವ್ಯಾಪಾರಿ ಬಾಡಿಗೆಗೆ ಹಿಡಿಯುತ್ತಾನೆ?

ಕೆಳಗಿಳಿದವಳು ನೇರ ಮೇಜಿನ ಮುಂದೆ ಹೋಗಿ ನಿಂತಳು. "ಭೂಪತ್‌ಭಾಯಿ, ಇದು ಇನ್ನೂರ ನಲವತ್ತಾ? ಅರ್ಧವೂ ಇಲ್ಲ."

"ಬೆನ್, ಮೆಟ್ಟಿಲು, ಲಿಫ್ಟು, ಓಡಾಡೋ ಜಾಗ ಎಲ್ಲ ಲೆಕ್ಕಕ್ಕೆ ಸೇರುತ್ತೆ. ಕಾಗದದಲ್ಲಿದೆ."

"ಹಾಗಾದ್ರೆ ನನ್ನ ಬಾಡಿಗೆದಾರ ಲಿಫ್ಟಲ್ಲಿ ಕೂತು ಸೀರೆ ಮಾರ್ಬೇಕಾ? ಗಿರಾಕಿ ಜೊತೆ ಮೇಲೂ ಕೆಳಗೂ ಹೋಗ್ತಾ ಇರ್ತಾನೆ."

ಸಾಲಿನಲ್ಲಿ ಯಾರೋ ನಕ್ಕರು. ಕೌಶಿಕ್ ಅವಳ ಮೊಣಕೈ ಹಿಡಿದ. "ಮಾಸಿ, ಇವತ್ತು ಬೇಡ. ಶಕುನ ಕೆಡುತ್ತೆ. ಸಹಿ ಹಾಕು, ನಾಳೆ ಮಾತಾಡೋಣ."

"ನಾಳೆ ಕಾಗದ ಮಾತಾಡುತ್ತೆ, ನಾನಲ್ಲ. ನಿನಗೆ ಗೊತ್ತಿತ್ತಾ ಇದು?"

ಕೌಶಿಕ್ ಪೇಡೆಯ ತಟ್ಟೆಯನ್ನು ಅವಳ ಮುಂದೆ ಸರಿಸಿದ.

ಇಷ್ಟು ವರ್ಷ ತಲೆಯಾಡಿಸಿದ್ದು ಸಾಕೆನಿಸಿತು ಅವಳಿಗೆ. ಒಳ್ಳೆಯ ದಿನವನ್ನೇ ಬಲೆ ಮಾಡಿ ಹರಡಿದ್ದಾನಲ್ಲ ಈ ಭೂಪತ್‌ಭಾಯಿ! ಶಕುನಕ್ಕೆ ಹೆದರಿ ಮುಚ್ಚಿದ ಬಾಯಿಗಳಿಂದಲೇ ತನ್ನ ಚೀಲ ತುಂಬಿಕೊಳ್ಳುತ್ತಿದ್ದಾನಲ್ಲ!

"ಸಹಿ ಹಾಕಲ್ಲ," ಎಂದಳು.

ಭೂಪತ್‌ಭಾಯಿ ಎದ್ದು, ಅವಳನ್ನು ಕಂಬದ ಮರೆಗೆ ಕರೆದು, ಜೇಬಿನಿಂದ ಬೇರೆ ಕೀಲಿಕೈ ತೆಗೆದ. ದನಿ ಬೆಣ್ಣೆಯಾಗಿತ್ತು. "ಮೂಲೆ ಅಂಗಡಿ, ಬೆನ್. ಎರಡರಷ್ಟು ದೊಡ್ಡದು. ನಿಮಗೆ ಅಂತ ಕೊಡ್ತೀನಿ. ಬಾಯಿ ಮಾತ್ರ ಮುಚ್ಕೊಂಡಿರಿ."

ಅವಳಿಗೆ ಬೇಕಾಗಿದ್ದೂ ಅದೇ: ಸೀರೆ ಹರಡುವಷ್ಟು ನೆಲ, ತಿಂಗಳಿಗೊಮ್ಮೆ ಬರುವ ಬಾಡಿಗೆ, ಯಾರಿಗೂ ಕೈ ಒಡ್ಡದ ಮುಪ್ಪು. ಒಂದು ಗಳಿಗೆ ಕೈ ಮುಂದೆ ಹೋಯಿತು ಕೂಡ.

"ಸಾಲಲ್ಲಿ ನಿಂತಿರೋ ಇವರಿಗೆ?"

"ಅವರು ಕೇಳಲಿಲ್ಲವಲ್ಲ."

ರಂಭಾಬೆನ್ ಕಂಬದ ಮರೆಯಿಂದ ಈಚೆ ಬಂದಳು. ಮಗ್ಗದ ಸದ್ದಿನಲ್ಲಿ ಕೂಗಿ ಪಳಗಿದ ಗಂಟಲು ಅದು, ಸಾಲಿನ ಕೊನೆಯವನಿಗೂ ಮುಟ್ಟಿತು. "ಕೇಳಿದವರಿಗೆ ದೊಡ್ಡ ಅಂಗಡಿ ಇದೆಯಂತೆ. ಕೇಳದವರಿಗೆ ಗೂಡಂತೆ. ಮೊದಲು ಮೇಲೆ ಹೋಗಿ ನೋಡ್ಕೊಂಡು ಬನ್ನಿ."

ಭೂಪತ್‌ಭಾಯಿಯ ಕೀಲಿಕೈ ಜೇಬಿಗೆ ಮರಳಿತು. ಮೇಜಿನ ಮುಂದೆ ಪೆನ್ನು ಹಿಡಿದು ಬಾಗಿದ್ದ ಮುದುಕ ನೆಟ್ಟಗಾದ, ಪೆನ್ನು ಕೆಳಗಿಟ್ಟು ಮೆಟ್ಟಿಲ ಕಡೆ ನಡೆದ.